ಪಾಂಡಪ್ಪನ ಕೈಯಲ್ಲಿದ್ದ ಸ್ಟೇರಿಂಗ್

ಮೊದಲು ನೋಡಿದವನು ಕುರಿ ಕಾಯುವ ಬೀರಲಿಂಗ. ನೋಡಿದವನೇ ಬೈದ.

"ಏನ್ರಿ ಸಾಹುಕಾರ, ಹೊಲಾನೂ ರಸ್ತಾನ ಅಂತ ತಿಳಿದೀರೇನು?"

ಪಟ್ಟದಕಲ್ಲಿನಿಂದ ಐಹೊಳೆಗೆ ಬರುವ ದಾರಿಯ ತಿರುವು. ಹಾಲುಬಣ್ಣದ ಹಳೆಯ ಫಿಯಟ್ ಕಾರು ರಸ್ತೆ ಬಿಟ್ಟು ಸಜ್ಜೆ ಹೊಲಕ್ಕೆ ನುಗ್ಗಿ, ಬದುವಿನ ಕಲ್ಲಿಗೆ ಮೂತಿ ಆನಿಸಿ ನಿಂತಿತ್ತು. ಒಳಗೆ ಒಬ್ಬ ಮುದುಕರು ನೆಟ್ಟಗೆ ಕೂತಿದ್ದರು. ತಲೆಗೆ ಟೋಪಿ, ಎರಡೂ ಕೈಯಲ್ಲಿ ಸ್ಟೇರಿಂಗ್. ಇನ್ನೂ ಕಾರು ನಡೆಸುತ್ತಲೇ ಇದ್ದಾರೆ ಎನ್ನಬೇಕು, ಹಾಗೆ.

ಬೀರಲಿಂಗ ಹತ್ತಿರ ಹೋದ. ಬೈಗುಳ ಬಾಯಲ್ಲೇ ಉಳಿಯಿತು. ಆ ಸ್ಟೇರಿಂಗ್ ಕಾರಿಗೆ ಸೇರಿರಲಿಲ್ಲ. ಬರೀ ಕೈಯಲ್ಲಿತ್ತು. ಅದು ಇರಬೇಕಾದ ಜಾಗದಲ್ಲಿ ಬೋಳು ಕಬ್ಬಿಣದ ಸರಳೊಂದು ಮುದುಕರ ಎದೆಗೆ ಗುರಿಯಿಟ್ಟು ನಿಂತಿತ್ತು. ಅಂಗಿಯ ಎದೆ ಕೆಂಪಾಗಿತ್ತು.

ಪಿಎಸ್ಐ ರೋಹಿಣಿ ಬಂದಾಗ ಸಂಜೆ ನಾಲ್ಕೂವರೆ. ಜೊತೆಗೆ ಹೆಡ್ ಕಾನ್ಸ್ಟೇಬಲ್ ಅಶ್ಫಾಕ. ಸತ್ತವರು ಇಳಕಲ್ಲಿನ ಪಾಂಡಪ್ಪ ಎಂದು ಗುರುತು ಹಿಡಿದವನೂ ಅವನೇ. ಪ್ರತಿ ಶುಕ್ರವಾರ ಈ ಕಾರಿನಲ್ಲಿ ಬನಶಂಕರಿಗೆ ಹೋಗಿ ಬರುವ ಮನುಷ್ಯ. ದಾರಿಯ ಊರಿಗೆಲ್ಲ ಆ ಕಾರಿನ ಹಾರ್ನು ಗೊತ್ತು.

ಅಶ್ಫಾಕ ಸ್ಟೇರಿಂಗನ್ನು ಮೆಲ್ಲಗೆ ಬಿಡಿಸಿಕೊಂಡ. ಅಲುಗಿಸಿದ. ನಡುವಿನ ಹಾರ್ನ್ ಗುಂಡಿಯೊಳಗೆ ಏನೋ ಗಲಗಲ ಅಂತು. ಗುಂಡಿ ಎಬ್ಬಿಸಿದ. ಒಂದು ದೊಡ್ಡ ನಟ್ಟು ಅವನ ಅಂಗೈಗೆ ಉರುಳಿತು.

"ಸ್ಟೇರಿಂಗ್ ಹಿಡದಿಡೂ ನಟ್ಟರಿ ಮೇಡಂ. ಬಿಗದ ಇಲ್ಲ. ಓಡಿ ಓಡಿ ಕಳಚೇತಿ. ತಿರುವಿನ್ಯಾಗ ಜಗ್ಗಿ ತಿರುವ್ಯಾರ, ಕಿತ್ತು ಕೈಗೇ ಬಂದೇತಿ."

ರೋಹಿಣಿ ಸ್ಟೇರಿಂಗನ್ನು ಮೂಗಿನ ಹತ್ತಿರ ತಂದಳು. ಹೊಸ ಬಣ್ಣದ ವಾಸನೆ.

"ಇದನ್ನ ಈಗ ರಿಪೇರಿ ಮಾಡಿದವ್ರು ಯಾರು?"

ಅಶ್ಫಾಕ ಮುಖ ಆಚೆ ತಿರುಗಿಸಿದ. "ಇಂಥಾ ಕೆಲಸ ಈ ಕಡೆ ಮಾಡಾವ ಒಬ್ಬನ ಅದಾನ್ರಿ. ಹುನಗುಂದದ ಸುಭಾನಸಾಬ. ದೇವರಂಥಾ ಮನಶಾ, ಅವನ ಹೆಸರು ನನ್ನ ಬಾಯಾಗ ಬರಬಾರದಿತ್ತು."

* * *

ಅವರನ್ನು ಕರೆಸುವ ಕೆಲಸ ಬೀಳಲಿಲ್ಲ. ಶನಿವಾರ ಬೆಳಿಗ್ಗೆ ಠಾಣೆಯ ಬಾಗಿಲು ತೆರೆಯುವ ಮೊದಲೇ ಸುಭಾನಸಾಬ ಕಟ್ಟೆಯ ಮೇಲೆ ಕೂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಒಳಗೆ ಬಂದವರು ಮೇಜಿನ ಮೇಲೆ ಒಂದು ಪಾನಾ ಇಟ್ಟರು. ನಟ್ಟು ಬಿಗಿಯುವ ಉದ್ದನೆಯ ಪಾನಾ, ಹಿಡಿಕೆ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು.

"ಬರಕೋರ್ರಿ ಬಾಯಾರ. ಪಾಂಡಪ್ಪನ್ನ ನಾನ ಕೊಂದೇನಿ."

"ಕೂಡ್ರಿ ಅಜ್ಜಾರ. ಮೊದಲು ಏನಾತು ಅದನ್ನ ಹೇಳ್ರಿ."

ಅವರು ಕೂರಲಿಲ್ಲ. ನಿಂತೇ ಹೇಳಿದರು. ಕೈ ಹಿಡಿದು ಹಿಡಿದು ಸವೆದ ಸ್ಟೇರಿಂಗ್ ಅದು, ಐವತ್ತು ವರ್ಷದ್ದು. ಕಡ್ಡಿ ಕೂಡುವ ಮೂರೂ ಕಡೆ ಬಿರುಕು. ಮೂರು ವಾರ ಇಟ್ಟುಕೊಂಡು ಬಿರುಕು ತುಂಬಿ, ತಿಕ್ಕಿ, ಬಣ್ಣ ಹೊಡೆದು, ಮಂಗಳವಾರ ಮಧ್ಯಾಹ್ನ ಪಾಂಡಪ್ಪನ ಎದುರಿಗೇ ಕೂಡಿಸಿದ್ದರು.

"ನಟ್ಟು ಬೆರಳಿಂದ ತಿರುವಿದ್ದು ನೆನಪೈತಿ. ಪಾನಾ ಹಚ್ಚಿದ್ದು..." ಅವರು ಮೇಜಿನ ಮೇಲಿನ ಪಾನಾ ನೋಡಿದರು. "ಅದs ನೆನಪಿಲ್ಲ ನೋಡ್ರಿ. ನಡಕ ಚಾ ಬಂತು. ಪಾಂಡಪ್ಪ ಏನೋ ಚ್ಯಾಷ್ಟಿ ಮಾಡಿದ, ನಕ್ಕೆ. ಆಮ್ಯಾಲೆ ಕಾರು ಹೋದದ್ದು ನೆನಪೈತಿ. ನಡವ ಏನೂ ಇಲ್ಲ. ರಾತ್ರಿಪೂರ್ತಿ ಹುಡಿಕೀನಿ, ತಲಿಯೊಳಗ ಎಲ್ಲೂ ಸಿಗವಲ್ದು."

"ಬಿಗಿದಿರಲೂಬಹುದಲ್ರಿ?"

"ಕಂಡವ ಒಬ್ಬನ ಇದ್ದ. ಅವನ್ನ ಕೇಳೋಣು ಅಂದ್ರ ಅವನ ಹೋಗಿಬಿಟ್ಟ."

ಬಾಗಿಲಲ್ಲಿ ಅವರ ಮಗಳು ಆಫ್ರೀನ ನಿಂತಿದ್ದಳು. ಗ್ಯಾರೇಜಿನಲ್ಲಿ ಅಪ್ಪನ ಸರಿಸಮ ಕೆಲಸ ಮಾಡುವವಳು. ಉಗುರಿನ ಸಂದಿಯಲ್ಲಿ ಗ್ರೀಸು.

"ಮೇಡಂ, ನಿನ್ನೆ ಸಂಜಿಯಿಂದ ಅಬ್ಬಾ ಒಂದು ತುತ್ತು ಉಂಡಿಲ್ಲ. ಸಾಮಾನೆಲ್ಲಾ ಚೀಲಕ್ಕ ತುಂಬಿ ಹೊಲಿದು ಬಾವಿಗೆ ಹಾಕಂತಾನ. ಜೇಲಿಗೆ ಹಾಕಿದ್ರೂ ಅಂವಾ ತಡಕೋತಾನ. ಆದರ ತಾನ ದೋಸ್ತನ್ನ ಕೊಂದೇನಿ ಅಂತ ನಂಬಿದ ಮನಶಾ ಬಾಳ ದಿನಾ ಇರೂದಿಲ್ರಿ. ಅಂವಾ ಬಿಗಿದಾನೋ ಇಲ್ಲೋ, ಅಷ್ಟು ಖರೆ ಹುಡುಕಿ ಕೊಡ್ರಿ."

ರೋಹಿಣಿಯ ಅಜ್ಜಿ ಲಗಮವ್ವ ಕಥೆ ಹೇಳುವಾಗ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. 'ಈಗ ಹೇಳು, ಇವರೊಳಗ ಸುಳ್ಳಾಡಾವ ಯಾರು?' ಅನ್ನುತ್ತಿದ್ದಳು. ಹೇಳದೆ ಮುಂದಿನ ಕಥೆ ಇಲ್ಲ. ಹೊದಿಕೆಯೊಳಗೆ ಮುದುಡಿ ಕೂತು ರಾಜ, ಮಂತ್ರಿ, ಹೂವಾಡಗಿತ್ತಿ ಎಲ್ಲರ ಮುಖವನ್ನೂ ಕತ್ತಲಲ್ಲಿ ಒಂದೊಂದಾಗಿ ನೋಡುವುದು ರೋಹಿಣಿಗೆ ಆಗಲೇ ಬಂದ ಚಾಳಿ. ಈಗ ಸುಭಾನಸಾಬರ ಮುಖ ನೋಡಿದಳು. ಇವರು ಸುಳ್ಳಾಡುತ್ತಿರಲಿಲ್ಲ. ಆದರೆ ಇವರು ಹೇಳಿದ್ದು ನಿಜವೆಂದೂ ಅವಳಿಗೆ ಅನಿಸಲಿಲ್ಲ.

* * *

ಇಳಕಲ್ಲಿನ ಮನೆಯಲ್ಲಿ ಪಡಸಾಲೆ ತುಂಬಾ ಹೆಣ್ಣುಮಕ್ಕಳು. ಪಾಂಡಪ್ಪನ ಹೆಂಡತಿ ಭುವನೇಶ್ವರಿ ಗೋಡೆಗೆ ಒರಗಿ ಕೂತಿದ್ದರು. ಓಡಾಡಿ ಎಲ್ಲ ನೋಡಿಕೊಳ್ಳುತ್ತಿದ್ದವನು ಪಾಂಡಪ್ಪನ ತಂಗಿಯ ಮಗ ದುಂಡೇಶ. ಚೊಳಚಗುಡ್ಡದ ಹತ್ತಿರ ಪ್ರವಾಸಿಗರಿಗೆ ಕೋಣೆ ಕೊಡುವ ಮನೆ ನಡೆಸುತ್ತಿದ್ದ. ಅತ್ತು ಅತ್ತು ಅವನ ಕಣ್ಣು ಊದಿದ್ದವು. ರೋಹಿಣಿಗೆ ನೀರು ತಂದು ಕೊಟ್ಟವನೂ ಅವನೇ.

"ಆ ಮುದುಕಗ ಕೈ ನಡುಗ್ತಾವ್ರಿ ಮೇಡಂ. ಬ್ಯಾಡ ಅಂದೆ ಮಾಮಾಗ. ಕೇಳಲಿಲ್ಲ."

"ಮಾವನ ಮ್ಯಾಲೆ ಸಿಟ್ಟಿದ್ದವರು ಯಾರಾದ್ರೂ?"

"ನವೀದ ಅಂತ ಡ್ರೈವರ್ ಇದ್ದ. ಎರಡು ತಿಂಗಳಾತು, ಜಗಳಾಡಿ ಹೋಗ್ಯಾನ. 'ಈ ಕಾರs ನಿಮ್ಮನ್ನ ತಿಂತೈತಿ' ಅಂದಿದ್ದ."

ರೋಹಿಣಿ ಅಶ್ಫಾಕನತ್ತ ನೋಡಿದಳು. ಅವನು ಫೋನು ಹಿಡಿದು ಹೊರಗೆ ಹೋದ. ಕಾಲು ಗಂಟೆಯಲ್ಲಿ ವಾಪಸ್ಸು ಬಂದ.

"ನವೀದ ಈಗ ಕೆರೂರದಾಗ ಸಾಲಿ ಬಸ್ ನಡಸ್ತಾನ್ರಿ. ನಿನ್ನೆ ಹೊತ್ತೇರಿದಾಗಿಂದ ಸಂಜಿತನಕ ಹುಡುಗುರನ್ನ ಬಾಗಲಕೋಟಿ ಮ್ಯೂಸಿಯಮ್ಮಿಗೆ ಕರಕೊಂಡು ಹೋಗಿದ್ದ. ನಲವತ್ತು ಹುಡುಗುರು ಸಾಕ್ಷಿ. ಅದರಾಗ ಇಬ್ಬರು ಅವನ ಮ್ಯಾಲೇ ವಾಂತಿ ಮಾಡ್ಯಾರ."

ಆ ದಾರಿ ಮುಚ್ಚಿತು. ರೋಹಿಣಿ ಭುವನೇಶ್ವರಿಯ ಪಕ್ಕ ನೆಲದ ಮೇಲೆ ಕೂತಳು.

"ಅವ್ವಾರ, ನಿನ್ನೆ ಅವ್ರು ನಿಮ್ಮ ಕೂಡ ಮಾತಾಡಿದ್ರೇನು?"

"ಪಟ್ಟದಕಲ್ಲಾಗ ಕಬ್ಬಿನ ಹಾಲು ಕುಡಿಯಾಕತ್ತೇನಿ ಅಂತ ಫೋನ್ ಮಾಡಿದ್ರವ್ವಾ." ಭುವನೇಶ್ವರಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ಕಾರಿನ ಮಾತs ಮಾತು. ನನಗಿಂತ ಅದ ಹೆಚ್ಚಿತ್ತು ಅವ್ರಿಗೆ. 'ಸುಭಾನಾಗ ಬೈಬೇಕು, ಸ್ಟೇರಿಂಗ್ ವಾರಿ ಕೂಡ್ರಿಸ್ಯಾನ, ಕಾರು ನೆಟ್ಟಗ ಹೊಂಟ್ರೂ ಇದು ಎಡಕ್ಕ ಸೊಟ್ಟ ನಿಲ್ಲತೈತಿ' ಅಂದ್ರು. 'ಮುಂಜಾನಿ ನೆಟ್ಟಗ ಇತ್ತಲ್ಲ, ಈಗ ಹೆಂಗ ವಾರಿ ಆತು' ಅಂತ ತಾವ ನಕ್ಕರು."

"ಮುಂಜಾನಿ ನೆಟ್ಟಗ ಇತ್ತು ಅಂದ್ರ?"

"ಹೌದವ್ವಾ. ಅಂಗಳದಾಗಿಂದ ಹೊಂಟಾಗ ನನ್ನ ಕರದು ತೋರಿಸ್ಯಾರ. ಹೊಸಾ ನಿಚ್ಚಳ ಆಗೇತಿ ನೋಡು ಅಂತ."

ಅಡುಗೆಮನೆಯ ಬಾಗಿಲಲ್ಲಿ ಲೋಟ ಬಿದ್ದ ಸದ್ದಾಯಿತು. ದುಂಡೇಶ ಬಗ್ಗಿ ಎತ್ತಿಕೊಂಡ.

* * *

"ವಾರಿ ಆಗಿತ್ತಾ?" ಆಫ್ರೀನ ಎದ್ದು ನಿಂತಳು. "ಖರೆ ಹಂಗ ಅಂದ್ರಾ ಅವ್ರು?"

ಠಾಣೆಯ ಕೋಣೆ. ಮೇಜಿನ ಮೇಲೆ ಚೀಟಿ ಅಂಟಿಸಿದ ಸ್ಟೇರಿಂಗ್. ಮೂಲೆಯ ಬೆಂಚಿನ ಮೇಲೆ ಸುಭಾನಸಾಬ ಕಣ್ಣು ಮುಚ್ಚಿ ಕೂತಿದ್ದರು. ಹೋಗಿ ಎಂದರೂ ಅವರು ಮನೆಗೆ ಹೋಗಿರಲಿಲ್ಲ.

"ಇದರ ಒಳಗ ಹಲ್ಲದಾವು ನೋಡ್ರಿ ಮೇಡಂ." ಆಫ್ರೀನ ನಡುವಿನ ತೂತು ತೋರಿಸಿದಳು. "ಸರಳಿನ ಮ್ಯಾಲೂ ಹಲ್ಲದಾವು. ಹಲ್ಲಿಗೆ ಹಲ್ಲು ಕೂಡಬೇಕು. ನಟ್ಟು ಸಡ್ಲಾದ್ರ ಸ್ಟೇರಿಂಗ್ ಮ್ಯಾಲೇಳತೈತಿ, ಗಡಗಡ ಅಂತೈತಿ, ಕಿತ್ತೂ ಬರತೈತಿ. ಆದರ ವಾರಿ ಆಗೂದಿಲ್ಲ. ವಾರಿ ಆಗಬೇಕಂದ್ರ ಪೂರಾ ಹೊರಗ ತಗದು ಒಂದು ಹಲ್ಲು ತಪ್ಪಿಸಿ ಮತ್ತ ಕೂಡ್ರಿಸಬೇಕು."

"ಅಂದ್ರ ಮುಂಜಾನಿ ಇಳಕಲ್ ಬಿಟ್ಟ ಮ್ಯಾಲೆ, ಪಟ್ಟದಕಲ್ಲು ಬರೂದ್ರಾಗ, ಯಾರೋ ಇದನ್ನ ಬಿಚ್ಚಿ ಹಾಕ್ಯಾರ."

"ಕೊಲ್ಲಾಕಂತ ಸಡಲ ಮಾಡ್ಯಾರೇನ್ರಿ?" ಅಶ್ಫಾಕ ಕೇಳಿದ.

"ಕೊಲ್ಲಾಕ ನಟ್ಟು ಸಡಲ ಮಾಡಿದ್ರ ಸಾಕಿತ್ತಲ್ಲ," ಅಂದಳು ರೋಹಿಣಿ. " ಪೂರಾ ಹೊರಗ್ಯಾಕ ತಗೀಬೇಕು?"

ಆಫ್ರೀನಳ ಬೆರಳು ಸ್ಟೇರಿಂಗಿನ ಸುತ್ತ ತಾನೇ ತಾನಾಗಿ ಓಡಾಡುತ್ತಿತ್ತು. ಕಡ್ಡಿಯ ಬುಡಕ್ಕೆ ಬಂದು ನಿಂತಿತು. ಹಿಂದೆ ಹೋಯಿತು. ಮತ್ತೆ ಬಂದಿತು.

"ಮೇಡಂ," ಅಂದಳು ಸಣ್ಣಗೆ. "ಇದು ನಮ್ಮದಲ್ಲ."

"ಏನು?"

"ಬಣ್ಣ ಅದ, ಆಕಾರ ಅದ. ಇಲ್ಲಿ ಬುಡಕ್ಕ ನಾವು ತುಂಬಿದ್ದಲ್ಲ. ಅಬ್ಬಾ ಬರೀ ಅಂಟು ತುಂಬೂದಿಲ್ರಿ. ಅಮ್ಮೀ ದೌಲತಬಿಯ ತವರಮನಿ ಇಳಕಲ್ಲು, ಮನ್ಯಾಗ ಮಗ್ಗ ಐತಿ. ಸೀರಿ ಸೆರಗಿಗೆ ಹಾಕಿ ಉಳಿದ ಕೆಂಪು ರೇಷ್ಮಿ ಎಳಿ ತರ್ತಾಳ. ಅದನ್ನ ಅಂಟಿನ್ಯಾಗ ಅದ್ದಿ, ಬಿರುಕಿನೊಳಗ ಸುತ್ತಿ ಸುತ್ತಿ ತುಂಬಿ, ಮ್ಯಾಲೆ ತಿಕ್ಕಿ ಬಣ್ಣ ಹಚ್ಚತಾನ. ಮತ್ತ ಸೀಳೂದಿಲ್ಲ ಅಂತ. ಹೊರಗಿಂದ ಯಾರಿಗೂ ಕಾಣೂದಿಲ್ಲ. ಕೊಯ್ದು ನೋಡ್ರಿ. ಕೆಂಪು ಎಳಿ ಇದ್ರ ಅಬ್ಬಾನ್ನ ಒಳಗ ಹಾಕ್ರಿ."

ರೋಹಿಣಿ ಸಾಕ್ಷಿಗೆ ಇಬ್ಬರು ಪಂಚರನ್ನು ಕರೆಸಿದಳು. ಅವರೆದುರಿಗೆ ಗರಗಸ ಆಡಿತು. ಒಂದು ಬುಡ, ಎರಡನೆಯದು, ಮೂರನೆಯದು. ಬಿಳಿ ಪುಡಿ ಉದುರಿತು. ಬರೀ ಅಂಟು. ಒಂದೆಳೆ ಕೆಂಪೂ ಇರಲಿಲ್ಲ.

ಬೆಂಚಿನ ಮೇಲಿದ್ದ ಸುಭಾನಸಾಬ ಕಣ್ಣು ತೆರೆದರು. ಎದ್ದು ಬಂದು ಕೊಯ್ದ ಜಾಗ ಮುಟ್ಟಿ ನೋಡಿದರು. ಮಗಳು ಹಿಗ್ಗುತ್ತಿದ್ದಳು, ಅವರು ಹಿಗ್ಗಲಿಲ್ಲ.

"ನನ್ನದು ತಗದು ಇದನ್ನ ಹಾಕ್ಯಾರ, ಹೌದು. ಆದರ ನಾ ಬಿಗಿದಿದ್ನೋ ಇಲ್ಲೋ, ಅದು ಇದರಾಗ ಎಲ್ಲೈತಿ ಬಾಯಾರ? ನಾ ಬಿಗಿದಿರದಿದ್ರ ಮುಂಜಾನಿ ಹೋಗುವಾಗನ ನನ್ನ ಕೈಯಿಂದ ಸಾಯತಿದ್ದ, ಇವರ ಕೈಯಿಂದ ಮಧ್ಯಾಹ್ನ ಬರುವಾಗ ಸತ್ತ. ನನ್ನ ಪಾಲಿಗೆ ಎರಡೂ ಒಂದ."

ರೋಹಿಣಿ ಕೊಯ್ದ ಸ್ಟೇರಿಂಗನ್ನು ಅವರತ್ತ ಸರಿಸಿದಳು.

"ಇಂಥಾ ಸ್ಟೇರಿಂಗ್ ಇನ್ನೊಂದು ಯಾರಾದ್ರೂ ನಿಮ್ಮ ಕಡೆ ತಂದಿದ್ರೇನು ಅಜ್ಜಾರ?"

"ತಂದಿದ್ದ. ಪಾಂಡಪ್ಪನ ಅಳಿಯ, ದುಂಡೇಶ. ಅವನ ಕಡೇನೂ ಇಂಥಾದ್ದ ಫಿಯಟ್ ಐತಿ. ನನ್ನ ಕೈ ನಡುಗ್ತಾವಪಾ, ಪಾಂಡಪ್ಪಂದು ಮುಗಿಸಿದ್ರ ಸಾಕು, ಇನ್ನ ಇಂಥಾ ಕೆಲಸ ಹಿಡಿಯೂದಿಲ್ಲ ಅಂದೆ. ಭಾಳ ಹೊತ್ತು ನಿಂತಿದ್ದ. ತಂತಿಗೆ ಒಣಗಾಕ ಹಾಕಿದ್ನಲ್ಲ, ಪಾಂಡಪ್ಪನ ಸ್ಟೇರಿಂಗ್, ಅದನ್ನ ನೋಡಕೋತ."

* * *

ಬನಶಂಕರಿಯ ಹೊಂಡದ ಪಕ್ಕ, ಕಾರು ನಿಲ್ಲಿಸುವ ಬಯಲಿನ ಅಂಚಿಗೆ ಸಕ್ರವ್ವ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಖಡಕ್ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಸೋಮವಾರ ಮಧ್ಯಾಹ್ನ ರೋಹಿಣಿ ಅವಳ ಎದುರು ಕುಕ್ಕುರುಗಾಲಲ್ಲಿ ಕೂತಳು.

"ಪೊಲೀಸರೂ ರೊಟ್ಟಿ ತಿಂತಾರೇನ ತಂಗಿ?"

"ಮಾತಾಡಿದ್ರ ಎರಡು ತಿಂತೇನಿ. ಶುಕ್ರವಾರ ಇಳಕಲ್ ಸಾಹುಕಾರರ ಕಾರು ಇಲ್ಲಿ ನಿಂತಿತ್ತಲ್ಲ, ಅದರ ಕಡೆ ಯಾರಾದ್ರೂ ಬಂದಿದ್ರೇನು?"

"ಯಾರೂ ಬಂದಿಲ್ಲವ್ವಾ."

"ಒಬ್ರೂ?"

"ಒಬ್ರೂ ಇಲ್ಲ." ಸಕ್ರವ್ವ ಚಟ್ನಿ ಹಾಕುತ್ತ ಅಂದಳು, "ಅಳಿಯಾ ಒಬ್ಬ ಕೂತಿದ್ದ. ಅಂವಾ ಮನಿಯಾಂವ, ಬಂದಾಂವ ಹೆಂಗಾದಾನು?"

ಅಶ್ಫಾಕ ಕೆಮ್ಮಿದ. ರೋಹಿಣಿಯ ಕೈಯಲ್ಲಿದ್ದ ರೊಟ್ಟಿ ಮುರಿಯದೆ ನಿಂತಿತು.

"ಏನ ಮಾಡಾಕತ್ತಿದ್ದ?"

"ಹಾರ್ನ್ ಕೆಟ್ಟೈತಿ, ಮಾಮಾ ಊಟಾ ಮಾಡಿ ಬರೂದ್ರಾಗ ನೆಟ್ಟಗ ಮಾಡತೇನಿ ಅಂದ. ದೊಡ್ಡ ಚೀಲಾ ತಂದಿದ್ದ. ಮೈಯೆಲ್ಲಾ ಬೆವತಿದ್ದ, ನಾನ ಮಜ್ಜಿಗಿ ಕೊಟ್ಟೆ. ಅಷ್ಟೊತ್ತಿಗೆ ಸಾಹುಕಾರ ಗುಡಿಯಿಂದ ಹೊಳ್ಳಿ ಬರೂದು ಕಾಣಸ್ತು. 'ನಿಮ್ಮ ಮಾಮಾ ಬಂದ ನೋಡಪಾ' ಅಂದೆ. ಮಜ್ಜಿಗಿ ಅರ್ಧಕ್ಕ ಬಿಟ್ಟು, ಕಾರಿನ್ಯಾಗ ಏನೋ ಗಡಬಡಿಸಿ ಮುಚ್ಚಿ, ಚೀಲಾ ಹೊತಗೊಂಡು ಆ ಕಡಿಗೆ ಹೋಗೇಬಿಟ್ಟ. ಮಾಮಾನ ಮಾತಾಡಿಸಲೂ ಇಲ್ಲ. ಸಿಟ್ಟಿರಬೇಕು ಅನ್ನಕೊಂಡೆ. ಯಾಕ? ಏನಾತು?"

ರೋಹಿಣಿ ಎರಡೂ ರೊಟ್ಟಿ ತಿಂದು ಎದ್ದಳು.

* * *

ದುಂಡೇಶನ ಮನೆಯ ಮುಂದೆ ತಗಡಿನ ಚಪ್ಪರದ ಕೆಳಗೆ ಅವನ ಫಿಯಟ್ ಮದುಮಗನಂತೆ ನಿಂತಿತ್ತು. ಬಂಪರ್ ಫಳಫಳ. ಗಾಜಿನ ಮೇಲೆ ಬಾಗಲಕೋಟೆಯ ಹಳೇ ಕಾರುಗಳ ಪ್ರದರ್ಶನದ ಚೀಟಿ. ಸ್ಟೇರಿಂಗಿಗೆ ಚರ್ಮದ ಹೊದಿಕೆ.

ರೋಹಿಣಿಯ ಜೊತೆ ಅಶ್ಫಾಕ, ಪಂಚರು, ಆಫ್ರೀನ, ಸುಭಾನಸಾಬ. ದುಂಡೇಶ ನಗಲು ನೋಡಿದ. ಅವನ ಹೆಂಡತಿ ಅಂಜನಾ ಕುರ್ಚಿ ತಂದು ಹಾಕಿದಳು. ಯಾರೂ ಕೂರಲಿಲ್ಲ.

"ಸ್ಟೇರಿಂಗ್ ಚೆಂದ ಐತಿ," ಅಂದಳು ರೋಹಿಣಿ.

"ಮುಂಬೈದಿಂದ ತರಿಸೇನ್ರಿ. ಹೋದ ತಿಂಗಳ. ಅಸಲಿ."

"ಹೊದಿಕಿ ಬಿಚ್ಚರಿ."

ಅವನು ಅಲುಗಲಿಲ್ಲ. ಅಶ್ಫಾಕ ಬಿಚ್ಚಿದ. ಸುಭಾನಸಾಬ ಸಣ್ಣ ಬ್ಲೇಡು ತೆಗೆದು ಕಡ್ಡಿಯ ಬುಡವನ್ನು ಕೆರೆದರು. ಅವರ ಕೈ ನಡುಗುತ್ತಿತ್ತು, ಬ್ಲೇಡು ಮಾತ್ರ ಇಡಬೇಕಾದಲ್ಲೇ ಕೂತಿತು. ಬಣ್ಣ ಎದ್ದಿತು. ಅಂಟು ಎದ್ದಿತು. ಅದರ ಕೆಳಗೆ, ಗಾಯದಿಂದ ಇಣುಕಿದ ಹಾಗೆ, ಕೆಂಪು ರೇಷ್ಮೆ.

"ಹಳೇ ಗಾಡಿಗೆ ಎಲ್ಲಾರೂ ದಾರಾ ಸುತ್ತತಾರ್ರಿ," ಅಂದ ದುಂಡೇಶ.

"ಮುಂಬೈದವ್ರು ಇಳಕಲ್ ಸೆರಗಿನ ರೇಷ್ಮಿ ಸುತ್ತತಾರೇನೋ?" ಆಫ್ರೀನ ಕೇಳಿದಳು. "ನಮ್ಮಮ್ಮಿನ ಕರಸ್ಲಾ? ಯಾವ ಸೀರಿದು ಅಂತನೂ ಹೇಳತಾಳ."

ರೋಹಿಣಿ ದನಿ ಏರಿಸಲಿಲ್ಲ. ಅಜ್ಜಿ ಕೊನೆಗೆ ಕಥೆಯ ಗಂಟು ಬಿಚ್ಚುತ್ತಿದ್ದ ಹಾಗೆ ಒಂದೊಂದೇ ಎಳೆ ಬಿಚ್ಚಿದಳು.

"ಪ್ರದರ್ಶನಕ್ಕ ಅಸಲಿ ಸ್ಟೇರಿಂಗ್ ಬೇಕಿತ್ತು. ನಿಂದು ಸವೆದು ಸೀಳಿತ್ತು. ಮಾವನ್ನ ಕೇಳಿದಿ, ಕೊಡಲಿಲ್ಲ ಅಂತ ಅತ್ತಿಯವ್ರು ಹೇಳ್ಯಾರ. ಅಜ್ಜಾರನ್ನ ಕೇಳಿದಿ, ಅವ್ರೂ ಒಲ್ಲೆ ಅಂದ್ರು. ಅಲ್ಲೇ ಮಾವನ ಸ್ಟೇರಿಂಗ್ ಹೊಸಾದ್ರಂಗ ಆಗಿದ್ದು ನೋಡಿದಿ. ಅದ ಬಣ್ಣ ತಂದು ನಿನ್ನ ಸೀಳಿಗೆ ಬರೀ ಅಂಟು ಮೆತ್ತಿ ಬಣ್ಣ ಹೊಡದಿ. ಶುಕ್ರವಾರ ಮಾವ ಗುಡಿಯಾಗಿದ್ದಾಗ ಅದನ್ನ ತಗದು ನಿನ್ನದು ಇಟ್ಟಿ. ಅವಸರದಾಗ ಒಂದು ಹಲ್ಲು ತಪ್ಪಿತು. ಸ್ಟೇರಿಂಗ್ ಸೊಟ್ಟ ನಿಂತಿತು. ಪಾನಾ ಹಚ್ಚೂದ್ರಾಗ ಸಕ್ರವ್ವ 'ಮಾಮಾ ಬಂದ' ಅಂದ್ಲು. ನಟ್ಟು ಬೆರಳಿಂದ ಎರಡು ಸುತ್ತು ತಿರುವಿ, ಮ್ಯಾಲೆ ಹಾರ್ನ್ ಗುಂಡಿ ಮುಚ್ಚಿ ಓಡಿದಿ. ಹೊರಗಿನ ಬಣ್ಣ ನೋಡಿದ್ದಿ, ಒಳಗಿನ ರೇಷ್ಮಿ ನಿನಗ ಗೊತ್ತಿರಲಿಲ್ಲ."

ದುಂಡೇಶ ಕಾರಿನ ಪಕ್ಕ ನೆಲಕ್ಕೆ ಕುಸಿದು ಕೂತ. "ಕೊಲ್ಲಬೇಕಂತ ಮಾಡಿಲ್ರಿ. ದೇವರಾಣಿ. ಸಂಜಿಗೆ ಇಳಕಲ್ಲಿಗೆ ಹೋಗಿ, ಹೆಂಗರ ಮಾಡಿ ಬಿಗೀಬೇಕಂತಿದ್ದೆ."

"ಫೋನ್ ಕೊಡು."

ಕೊಟ್ಟ. ರೋಹಿಣಿ ನೋಡಿ ಅಂಜನಾಳಿಗೆ ಕಾಣುವಂತೆ ಹಿಡಿದಳು. ಶುಕ್ರವಾರ. ಎರಡು ಹತ್ತಕ್ಕೆ 'ಮಾಮಾ'. ಎರಡು ಹನ್ನೆರಡಕ್ಕೆ 'ಮಾಮಾ'. ಎರಡು ಇಪ್ಪತ್ತಕ್ಕೆ 'ಮಾಮಾ'. ಮೂರೂ ಸಲ ರಿಂಗಾಗುವ ಮೊದಲೇ ಕತ್ತರಿಸಿದ್ದು.

"ಕಾರು ನಿಲ್ಲಸ್ರಿ ಮಾಮಾ. ಇಷ್ಟ ಅನ್ನಬೇಕಿತ್ತು ನೀ. ಅಂದಿದ್ರ ಕಳ್ಳ ಆಗತಿದ್ದಿ, ಮಾವ ಉಳೀತಿದ್ದ. ಮೂರು ಸಲ ಲೆಕ್ಕಾ ಹಾಕಿ, ಮೂರು ಸಲಾನೂ ಕಟ್ ಮಾಡಿದಿ."

ಅಂಜನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗಂಡನನ್ನು ನೋಡಲಿಲ್ಲ. ಅಶ್ಫಾಕ ಅವನ ತೋಳಿಗೆ ಕೈ ಹಾಕಿದ.

"ತಡೀರಿ," ಅಂದರು ಸುಭಾನಸಾಬ.

ಅವರು ದುಂಡೇಶನ ಎದುರಿಗೆ ಬಂದು, ಮೊಣಕಾಲಿಗೆ ಕೈ ಊರಿ ಬಗ್ಗಿದರು. ಬೈಯುತ್ತಾರೆಂದು ಎಲ್ಲರೂ ಅಂದುಕೊಂಡರು.

"ನನಗೊಂದ ಹೇಳಪಾ. ನೀ ಬಿಚ್ಚಿದಾಗ ಆ ನಟ್ಟು ಹೆಂಗಿತ್ತು?"

"ಅಂದ್ರ?"

"ಬೆರಳಿಗೆ ಬಂತೋ, ಪಾನಾಕ್ಕ ಬಂತೋ?"

ದುಂಡೇಶ ಅವರನ್ನು ದಿಟ್ಟಿಸಿದ. ಇಂಥ ಹೊತ್ತಿನಲ್ಲಿ ಈ ಮುದುಕ ಇದನ್ನೇಕೆ ಕೇಳುತ್ತಾನೆ ಎಂದು ಅವನಿಗೆ ತಿಳಿಯಲಿಲ್ಲ. ಸುಳ್ಳು ಹೇಳಲು ಕಾರಣವೂ ಉಳಿದಿರಲಿಲ್ಲ.

"ಪಾನಾಕ್ಕೂ ಜಗ್ಗಲಿಲ್ಲ. ಕಡೀಕ ಹಿಡಿಕಿಗೆ ಪೈಪ್ ಸಿಗಿಸಿ, ಮೈಭಾರೆಲ್ಲಾ ಹಾಕಿ ಒತ್ತಿದೆ. ಆವಾಗ ಬಂತು."

ಸುಭಾನಸಾಬ ಬಗ್ಗಿದಲ್ಲೇ ನಿಂತರು. ಮಗಳು ಬಂದು ಬೆನ್ನ ಮೇಲೆ ಕೈಯಿಟ್ಟಳು. ಅವರ ಕಣ್ಣು ಅವಳ ಕಡೆ ಇರಲಿಲ್ಲ, ದುಂಡೇಶನ ಕಡೆಯೂ ಇರಲಿಲ್ಲ. ಗುಡ್ಡದಾಚೆ, ರಸ್ತೆ ಹೋಗುವ ಕಡೆಗಿತ್ತು.

"ಬಿಗಿದಿದ್ದೆ," ಅಂದರು. ಮತ್ತೆ, ಕಾರಿನೊಳಗೆ ಕೂತವನಿಗೆ ಕಿಟಕಿಯಲ್ಲಿ ಬಗ್ಗಿ ಹೇಳುವವರ ಹಾಗೆ ಅಂದರು: "ಪಾಂಡ್ಯಾ, ನಾ ಬಿಗಿದಿದ್ದೆಲೇ."